ಶಿಫ್ಟ್ ಬದಲಾಗುವ ಹದಿನೈದು ನಿಮಿಷ: ಮಷಿನ್ ಶಾಪ್‌ನಲ್ಲಿ ನಾನು ಪಾಲಿಸುವ ಕ್ರಮ

ಮೂರು ಶಿಫ್ಟ್ ಓಡುವ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷಿನ್‌ಗಳ) ಶಾಪ್‌ನಲ್ಲಿ ಒಂದು ತಿಂಗಳು ಪ್ರತಿಯೊಂದು ಸ್ಕ್ರ್ಯಾಪ್ ಪೀಸ್ ಮೇಲೂ ಅದು ಕೆಟ್ಟ ಹೊತ್ತನ್ನು ಮಾರ್ಕರ್‌ನಲ್ಲಿ ಬರೆಸಿ ನೋಡಿ. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10 ದಾಟಿದ ಮೊದಲ ಒಂದು ಗಂಟೆಯಲ್ಲಿ ಪೀಸ್‌ಗಳು ಹೆಚ್ಚಾಗಿ ಬಿದ್ದಿರುತ್ತವೆ. ಆಪರೇಟರ್ ಹೊಸಬನೇನೂ ಅಲ್ಲ, ಮಷಿನ್ ಅದೇ, ಪ್ರೋಗ್ರಾಂ ಕೂಡ ಅದೇ. ಹೋಗುವವನ ತಲೆಯಲ್ಲಿದ್ದದ್ದು ಬರುವವನ ತಲೆಗೆ ದಾಟಿಲ್ಲ, ಅಷ್ಟೇ. ಪೀಣ್ಯದಂಥ ಜಾಗದಲ್ಲಿ ಶಿಫ್ಟ್ ಇನ್‌ಚಾರ್ಜ್ ಆಗಿ ಕೆಲಸ ಮಾಡುವವರಿಗೆ ತಂಡದ ಮಾತುಕತೆ ಎಂದರೆ ಮೊದಲು ಇದೇ. ಉಳಿದ ಮೀಟಿಂಗ್‌ಗಳನ್ನೆಲ್ಲ ಆಮೇಲೆ ಸರಿಮಾಡಿಕೊಳ್ಳಬಹುದು.

ಹ್ಯಾಂಡೋವರ್, ಅಂದರೆ ಹೋಗುವವನು ಬರುವವನಿಗೆ ಕೆಲಸ ಒಪ್ಪಿಸುವುದು, ನಡೆಯಬೇಕಾದ್ದು ಮಷಿನ್ ಪಕ್ಕದಲ್ಲಿ. ಇನ್‌ಚಾರ್ಜ್ ಟೇಬಲ್ ಹತ್ತಿರ ನಿಂತು ಮಾತಾಡಿದರೆ ಎಲ್ಲವೂ "ಎಲ್ಲಾ ಓಕೆ ಅಣ್ಣ" ಎಂಬಲ್ಲಿಗೆ ಮುಗಿದುಹೋಗುತ್ತದೆ. ಕಂಟ್ರೋಲ್ ಸ್ಕ್ರೀನ್, ಟ್ರೇ, ಮೈಕ್ರೋಮೀಟರ್ ಮೂರೂ ಕಣ್ಣೆದುರಿಗಿದ್ದರೆ ಮಾತು ತಾನಾಗಿಯೇ ಖಚಿತವಾಗುತ್ತದೆ. ಇದಕ್ಕೆ ಹದಿನೈದು ನಿಮಿಷ ಬೇಕು, ಆ ಹದಿನೈದು ನಿಮಿಷಕ್ಕೆ ಸಂಬಳವನ್ನೂ ಕೊಡಬೇಕು. ಕಂಪನಿ ಬಸ್ 2.05ಕ್ಕೆ ಹೊರಡುತ್ತದೆ ಎಂದಾದರೆ 1.55ಕ್ಕೇ ಎಲ್ಲರೂ ಏಪ್ರನ್ ಬಿಚ್ಚಿ ಕೈ ತೊಳೆಯಲು ಹೋಗಿರುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಮೊದಲು ಎಚ್‌ಆರ್ ಜತೆ ಕೂತು ಬಸ್ಸಿನ ಹೊತ್ತನ್ನು 2.20ಕ್ಕೆ ತಳ್ಳಿಸಿ. ಆಮೇಲೆ ಹ್ಯಾಂಡೋವರ್ ಫಾರ್ಮ್ ಅಚ್ಚು ಹಾಕಿಸಿ.

ಫಾರ್ಮ್ ಅರ್ಧ ಎ4 ಹಾಳೆ ಮೀರಬಾರದು. ನನ್ನದರಲ್ಲಿ ಆರೇ ಸಾಲು: ಪಾರ್ಟ್ ನಂಬರ್ ಮತ್ತು ಆಪರೇಷನ್, ಸುರಕ್ಷತೆಗೆ ಸಂಬಂಧಿಸಿದ್ದು, ಕೊನೆಯ ಆಫ್‌ಸೆಟ್ (ಟೂಲ್ ನಿಲ್ಲುವ ಜಾಗಕ್ಕೆ ಕಂಟ್ರೋಲ್‌ನಲ್ಲಿ ಕೊಡುವ ತಿದ್ದುಪಡಿ) ಬದಲಾವಣೆ, ಇನ್ಸರ್ಟ್ (ಟೂಲ್ ತುದಿಗೆ ಕೂರಿಸುವ ಕತ್ತರಿಸುವ ತುಂಡು) ಸ್ಥಿತಿ, ಲೆಕ್ಕ, ಬಾಕಿ ಉಳಿದ ಕೆಲಸ ಮತ್ತು ಅದು ಯಾರ ಕೈಲಿದೆ. ಕಾರ್ಬನ್ ಇಟ್ಟು ಎರಡು ಪ್ರತಿ, ಒಂದು ಮಷಿನ್ ಮೇಲಿನ ಕ್ಲಿಪ್‌ನಲ್ಲಿ, ಒಂದು ಇನ್‌ಚಾರ್ಜ್ ಹತ್ತಿರ. ಸಾಲು ಹೆಚ್ಚಿಸಿ ಎಂದು ಕ್ವಾಲಿಟಿಯವರು ಕೇಳುತ್ತಾರೆ, ಪ್ಲಾನಿಂಗ್‌ನವರು ಕೇಳುತ್ತಾರೆ. ಒಪ್ಪಬೇಡಿ. ಹದಿನೈದು ಸಾಲಿನ ಫಾರ್ಮ್ ಆದರೆ ಹನ್ನೆರಡು ಗಂಟೆಗೇ ತುಂಬಿ ಇಟ್ಟಿರುತ್ತಾರೆ, ಅದರಲ್ಲಿ ಎರಡು ಗಂಟೆಯ ಸ್ಥಿತಿ ಇರುವುದಿಲ್ಲ.

ಮಾತಿನ ಕ್ರಮವೂ ಮುಖ್ಯ. ಲೆಕ್ಕದಿಂದ ಶುರು ಮಾಡಿದರೆ ಹದಿನೈದು ನಿಮಿಷವೂ ಟಾರ್ಗೆಟ್ ಚರ್ಚೆಗೇ ಹೋಗುತ್ತದೆ. ಆದ್ದರಿಂದ ಮೊದಲು ಸುರಕ್ಷತೆ, ಆಮೇಲೆ ಅಳತೆ, ಆಮೇಲೆ ಮಷಿನ್, ಕಡೆಗೆ ಲೆಕ್ಕ.

ಸುರಕ್ಷತೆ ಮೊದಲು ಯಾಕೆ ಎನ್ನುವವರಿಗೆ ಪೈಪರ್ ಆಲ್ಫಾ ನೆನಪಿಸುತ್ತೇನೆ. 1988ರ ಜುಲೈ 6ರ ರಾತ್ರಿ ಉತ್ತರ ಸಮುದ್ರದ ಆ ತೈಲ ವೇದಿಕೆಯಲ್ಲಿ 167 ಜನ ಸತ್ತರು. ಒಂದು ಪಂಪಿನ ಸೇಫ್ಟಿ ವಾಲ್ವನ್ನು ಹಗಲು ಪಾಳಿಯವರು ರಿಪೇರಿಗೆ ಬಿಚ್ಚಿ, ಆ ಜಾಗಕ್ಕೆ ಬ್ಲೈಂಡ್ ಫ್ಲ್ಯಾಂಜ್ (ಪೈಪಿನ ಬಾಯಿ ಮುಚ್ಚುವ ತಟ್ಟೆ) ಕೂರಿಸಿದ್ದರು. ಆ ವಿಷಯ ರಾತ್ರಿ ಪಾಳಿಯವರಿಗೆ ದಾಟಲಿಲ್ಲ. ಇನ್ನೊಂದು ಪಂಪು ನಿಂತಾಗ ಅವರು ಇದನ್ನು ಚಾಲೂ ಮಾಡಿದರು, ಅನಿಲ ಸೋರಿ ಸ್ಫೋಟವಾಯಿತು. ನಮ್ಮ ಶಾಪ್‌ನಲ್ಲಿ ಇದಕ್ಕೆ ಸಮನಾದದ್ದು, ಬಾಗಿಲು ತೆರೆದರೆ ಮಷಿನ್ ನಿಲ್ಲಿಸುವ ಡೋರ್ ಇಂಟರ್‌ಲಾಕ್‌ನ ಬೈಪಾಸ್. ಚಿಪ್ (ಲೋಹದ ಸಿಪ್ಪೆ) ಸಿಕ್ಕಿಕೊಂಡದ್ದನ್ನು ನೋಡಲೆಂದು ಮೇಂಟೆನೆನ್ಸ್‌ನವರು ಬಾಗಿಲು ತೆರೆದೇ ಓಡುವಂತೆ ಮಾಡಿ, ಸ್ಪೇರ್ ತರಲು ಹೋಗಿರುತ್ತಾರೆ. ಅಷ್ಟರಲ್ಲಿ ಶಿಫ್ಟ್ ಬದಲಾಗುತ್ತದೆ. ಹಾಗಾಗಿ ನನ್ನ ನಿಯಮ: ಬೈಪಾಸ್, ತೆಗೆದಿಟ್ಟ ಗಾರ್ಡ್, ಬಿಚ್ಚಿದ ಹೋಸ್ ಯಾವುದಿದ್ದರೂ ಫಾರ್ಮ್‌ನಲ್ಲಿ ಬರೆದರಷ್ಟೇ ಸಾಲದು. ಮೇನ್ ಸ್ವಿಚ್‌ಗೆ ಬೀಗ, ಬೀಗಕ್ಕೆ ಹೆಸರು ಬರೆದ ಟ್ಯಾಗ್. ಕೀಲಿ ಹೋಗುವವನ ಜೇಬಿನಲ್ಲಿ ಮನೆಗೆ ಹೋಗಬಾರದು. ಬರುವ ಮೇಂಟೆನೆನ್ಸ್‌ನವನು ತನ್ನ ಬೀಗ ಹಾಕಿದ ಮೇಲೆಯೇ ಹಳೆಯ ಬೀಗ ತೆಗೆಯಬೇಕು.

ಇನ್ನು ಅಳತೆ. ಹೆಚ್ಚು ಪೀಸ್ ಹಾಳಾಗುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಶಾಫ್ಟ್ ಮೇಲೆ ಬೇರಿಂಗ್ ಕೂರುವ 25 ಎಂಎಂ ಜಾಗ (ಬೇರಿಂಗ್ ಸೀಟ್), ಎಚ್6 (ಸಣ್ಣಕ್ಷರದ h) ಟಾಲರೆನ್ಸ್ ಎಂದಿಟ್ಟುಕೊಳ್ಳಿ. ಮೇಲಿನ ಮಿತಿ 25.000, ಕೆಳಗಿನದು 24.987. ಒಟ್ಟು ಜಾಗ 13 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಎಂಎಂನ ಸಾವಿರದಲ್ಲೊಂದು ಭಾಗ). ಟೂಲ್ ಸವೆದ ಹಾಗೆ ಶಾಫ್ಟ್ ದಪ್ಪ ಆಗುತ್ತಾ ಬರುತ್ತದೆ. ಮಧ್ಯಾಹ್ನ 1.50ಕ್ಕೆ ಪೀಸ್ 24.998 ಬಂತು. ಎ ಶಿಫ್ಟ್ ಆಪರೇಟರ್ ಸರಿಯಾಗಿಯೇ ಎಕ್ಸ್ ವೇರ್ ಆಫ್‌ಸೆಟ್‌ಗೆ (ಟೂಲ್ ಸವೆತಕ್ಕೆ ವ್ಯಾಸದಲ್ಲಿ ಕೊಡುವ ತಿದ್ದುಪಡಿ) ಮೈನಸ್ 6 ಮೈಕ್ರಾನ್ ಕೊಟ್ಟ. ಮುಂದಿನ ಪೀಸ್ 24.992 ಬರಬೇಕು. ಅದು ಇನ್ನೂ ಚಕ್‌ನಲ್ಲಿದೆ (ಮಷಿನ್‌ನಲ್ಲಿ ಪೀಸ್ ಹಿಡಿಯುವ ಭಾಗ), ಅವನು ಹೊರಟ. ಬಿ ಶಿಫ್ಟ್‌ನವನು ಬಂದವನೇ ಶ್ರದ್ಧೆಯಿಂದ ಟ್ರೇಯಲ್ಲಿದ್ದ ಕೊನೆಯ ಪೀಸ್ ತೆಗೆದು ಅಳೆದ: 24.998. ಅವನೂ ಸರಿಯಾಗಿಯೇ ಮೈನಸ್ 6 ಕೊಟ್ಟ. ಆ ಮೇಲಿನ ಪೀಸ್ 24.986. ಒಂದು ಮೈಕ್ರಾನ್ ಕೆಳಗೆ ಬಿದ್ದು ಸ್ಕ್ರ್ಯಾಪ್. ದಪ್ಪ ಉಳಿದ ಶಾಫ್ಟನ್ನು ಇನ್ನೊಮ್ಮೆ ಹೊಡೆಯಬಹುದು, ತೆಳುವಾದದ್ದಕ್ಕೆ ಮಾಂಸ ಸೇರಿಸಲು ಬರುವುದಿಲ್ಲ. ಇಬ್ಬರೂ ತಪ್ಪು ಮಾಡಿಲ್ಲ ಎಂಬುದನ್ನು ಗಮನಿಸಿ. ಇಂಥ ಜಾಗದಲ್ಲಿ "ಯಾರು ಮಾಡಿದ್ದು" ಎಂದು ಹುಡುಕುತ್ತಾ ಕೂತರೆ ತಂಡ ಒಡೆಯುತ್ತದೆ, ಪೀಸ್ ಮಾತ್ರ ಮತ್ತೆ ಮತ್ತೆ ಹಾಳಾಗುತ್ತಿರುತ್ತದೆ.

ಇದನ್ನು ತಡೆಯಲು ಮೂರು ಕಟ್ಟುಪಾಡು ಇಟ್ಟಿದ್ದೇನೆ. ಶಿಫ್ಟ್‌ನ ಕೊನೆಯ ಹದಿನೈದು ನಿಮಿಷ ಆಫ್‌ಸೆಟ್ ಮುಟ್ಟುವಂತಿಲ್ಲ. ಮುಟ್ಟಲೇಬೇಕಾಗಿ ಬಂದರೆ, ಆಫ್‌ಸೆಟ್ ಕೊಟ್ಟವನೇ ಅದರ ನಂತರದ ಮೊದಲ ಪೀಸ್ ಅಳೆದು ಹೊರಡಬೇಕು. ಆ ಪೀಸನ್ನು ಟ್ರೇಗೆ ಹಾಕದೆ ಕಂಟ್ರೋಲ್ ಪ್ಯಾನಲ್ ಕೆಳಗಿನ ನೀಲಿ ಡಬ್ಬಿಯಲ್ಲಿಟ್ಟು, ಅದನ್ನೇ ಬರುವವನ ಕೈಗೆ ಕೊಡಬೇಕು. ಬರುವವನು ಅದೇ ಪೀಸನ್ನು ಅದೇ ಮೈಕ್ರೋಮೀಟರ್‌ನಲ್ಲಿ ಅಳೆದು ಓದನ್ನು ಜೋರಾಗಿ ಹೇಳಬೇಕು. ಇಬ್ಬರ ಓದಿನಲ್ಲಿ 2 ಮೈಕ್ರಾನ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮಷಿನ್ ಓಡಿಸಬೇಡಿ. ಒಬ್ಬ ರ್‍ಯಾಚೆಟ್ (ಒಂದೇ ಒತ್ತಡ ಕೊಡುವ ತಿರುಗಣೆ) ಬಳಸುತ್ತಿದ್ದಾನೆ, ಇನ್ನೊಬ್ಬ ಥಿಂಬಲ್ (ಮೈಕ್ರೋಮೀಟರ್‌ನ ತಿರುಗಿಸುವ ತೋಳು) ಹಿಡಿದೇ ಬಿಗಿ ಮಾಡುತ್ತಿದ್ದಾನೆ ಎಂದಿರಬಹುದು. ಅನ್ವಿಲ್ (ಪೀಸ್ ತಾಗುವ ಮುಖ) ಮೇಲೆ ಕೂಲೆಂಟ್ ಪಸೆ ಇರಬಹುದು. ಸ್ಲಿಪ್ ಗೇಜ್ (ನಿಖರ ಅಳತೆಯ ತುಂಡು) ಇಟ್ಟು ಝೀರೋ ನೋಡಿಕೊಂಡ ಮೇಲೆ ಮುಂದಿನ ಮಾತು.

ಬಿಸಿ ಪೀಸ್ ಅಳೆಯುವುದೂ ಜಗಳಕ್ಕೆ ಕಾರಣ. ಉಕ್ಕು ಒಂದು ಡಿಗ್ರಿಗೆ ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 100 ಎಂಎಂ ವ್ಯಾಸದ ಪೀಸ್ 10 ಡಿಗ್ರಿ ಬಿಸಿಯಿದ್ದರೆ ಸುಮಾರು 11.5 ಮೈಕ್ರಾನ್ ದಪ್ಪ ತೋರಿಸುತ್ತದೆ. ಆಪರೇಟರ್ ಶಾಪ್‌ನಲ್ಲಿ ಓಕೆ ಎಂದದ್ದನ್ನು ಕ್ವಾಲಿಟಿಯವರು 20 ಡಿಗ್ರಿಯ ರೂಮಿನಲ್ಲಿ ಅಳೆದು ರಿಜೆಕ್ಟ್ ಎನ್ನುತ್ತಾರೆ, ಇಬ್ಬರೂ ಪರಸ್ಪರ ಸುಳ್ಳು ಎಂದುಕೊಳ್ಳುತ್ತಾರೆ. ಪೀಸನ್ನು ಎಷ್ಟು ಹೊತ್ತು ಆರಲು ಬಿಟ್ಟು ಅಳೆದಿದ್ದು ಎಂದು ಫಾರ್ಮ್‌ನಲ್ಲಿ ಬರೆದರೆ ಈ ಜಗಳದ ಬಹುಪಾಲು ಅಲ್ಲೇ ಮುಗಿಯುತ್ತದೆ.

ಆಫ್‌ಸೆಟ್ ಬಗ್ಗೆ ಬಾಯಲ್ಲಿ ಹೇಳುವಾಗ "ಆರು ಕೊಟ್ಟೆ" ಎಂಬ ಮಾತು ನನ್ನ ಶಿಫ್ಟ್‌ನಲ್ಲಿ ನಡೆಯುವುದಿಲ್ಲ. "ಮೈನಸ್ 0.020 ಇತ್ತು, ಮೈನಸ್ 0.026 ಮಾಡಿದ್ದೇನೆ" ಎಂದು ಹಳೆಯದು, ಹೊಸದು ಎರಡನ್ನೂ ಹೇಳಬೇಕು, ಬರೆಯಬೇಕು. ಫಾನುಕ್ ಕಂಪನಿಯ ಕಂಟ್ರೋಲ್‌ನಲ್ಲಿ ಇನ್‌ಪುಟ್ ಒತ್ತಿದರೆ ಹಳೆಯ ಓದು ಹೋಗಿ ಹೊಸದು ಕೂರುತ್ತದೆ, ಪ್ಲಸ್ ಇನ್‌ಪುಟ್ ಒತ್ತಿದರೆ ಹಳೆಯದಕ್ಕೆ ಕೂಡುತ್ತದೆ. ಎರಡೂ ಓದು ಗೊತ್ತಿದ್ದರೆ ಬರುವವನು ಸ್ಕ್ರೀನ್ ನೋಡಿ ತಕ್ಷಣ ಹೋಲಿಸಬಹುದು. ದಶಮಾಂಶದ ಪಾಯಿಂಟ್ ಇಲ್ಲದೆ 10 ಎಂದು ಹೊಡೆದರೆ ಪ್ಯಾರಾಮೀಟರ್ ಹೇಗಿದೆಯೋ ಅದರ ಮೇಲೆ ಒಂದು ಮಷಿನ್‌ನಲ್ಲಿ 10 ಮೈಕ್ರಾನ್, ಇನ್ನೊಂದರಲ್ಲಿ 10 ಎಂಎಂ ಆಗುತ್ತದೆ. ಮಷಿನ್ ಬದಲಾಯಿಸಿಕೊಂಡು ಬಂದ ಆಪರೇಟರ್‌ಗೆ ಇದನ್ನು ಮೊದಲ ದಿನವೇ ತೋರಿಸಿ. ಹಳೆಯ ಟರ್ನರ್‌ಗಳು "ಒಂದು ಥೌ" ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ, 25.4 ಮೈಕ್ರಾನ್; "ಒಂದು ಪಾಯಿಂಟ್" ಎಂದರೆ ಒಬ್ಬೊಬ್ಬರಿಗೆ ಒಂದೊಂದು. ಎಂಎಂನಲ್ಲಿ ಮೂರು ದಶಮಾಂಶ, ಬೇರೆ ಯಾವ ಲೆಕ್ಕವೂ ಬೇಡ.

ಇನ್ಸರ್ಟ್ ಸಾಲಿನಲ್ಲಿ ಮೂಲೆ ಎಷ್ಟನೆಯದು, ಅದರಲ್ಲಿ ಎಷ್ಟು ಪೀಸ್ ಆಗಿದೆ, ಎರಡೇ. ಸಿಎನ್‌ಎಂಜಿ ಎಂಬ ಬಗೆಯ ಇನ್ಸರ್ಟ್‌ಗೆ ನಾಲ್ಕು ಮೂಲೆ. ಬಳಸಿದ ಮೂಲೆಗೆ ಮಾರ್ಕರ್ ಹಚ್ಚದಿದ್ದರೆ ಮುಂದಿನವನು ಸವೆದ ಮೂಲೆಯನ್ನೇ ತಿರುಗಿಸಿ ಕೂರಿಸುತ್ತಾನೆ.

ಲೆಕ್ಕಕ್ಕೆ ಒಂದೇ ಸೂತ್ರ. ಸ್ಟೋರ್‌ನಿಂದ ಬಂದ ಬ್ಲ್ಯಾಂಕ್ (ಇನ್ನೂ ಮಷಿನ್‌ಗೆ ಹಾಕದ ಕಚ್ಚಾ ತುಂಡು) 200 ಎಂದರೆ ಓಕೆ 171, ರಿವರ್ಕ್ 4, ಸ್ಕ್ರ್ಯಾಪ್ 3, ಚಕ್‌ನಲ್ಲಿ 1, ಬಾಕಿ 21 ಸೇರಿ 200 ಆಗಬೇಕು. ಆಗದಿದ್ದರೆ ಆ ಪೀಸ್ ಚಿಪ್ ಟ್ರಾಲಿಯಲ್ಲಿರುತ್ತದೆ. ಸ್ಕ್ರ್ಯಾಪ್ ಆಯ್ತು ಎಂದು ಬಂದು ಹೇಳಿದವನ ಮೇಲೆ ಎಲ್ಲರೆದುರು ರೇಗಿದರೆ ಮಾರನೆಯ ದಿನದಿಂದ ಪೀಸ್‌ಗಳು ಅಲ್ಲಿಗೇ ಹೋಗುತ್ತವೆ, ಹೊರಬಾರದ ಆ ದೋಷ ಇನ್ನೂ ಇಪ್ಪತ್ತು ಪೀಸ್ ತಿನ್ನುತ್ತದೆ. ಯಾರಾದರೂ ಸ್ಕ್ರ್ಯಾಪ್‌ನ ಕೆಂಪು ಡಬ್ಬಿಗೆ ಪೀಸ್ ಹಾಕಿ ಹೇಳಲು ಬಂದರೆ ನನ್ನ ಮೊದಲ ಪ್ರಶ್ನೆ "ಇದರ ಹಿಂದಿನ ಓಕೆ ಪೀಸ್ ಯಾವುದು?" ಎಂಬುದು. ಅದರಿಂದ ಎಲ್ಲಿಂದ ಹುಡುಕಬೇಕು ಎಂದು ಗೊತ್ತಾಗುತ್ತದೆ, ಹೇಳಿದವನಿಗೂ ಧೈರ್ಯ ಬರುತ್ತದೆ.

ಭಾಷೆಯದು ಬೇರೆ ಕಷ್ಟ. ಒಂದು ಮಷಿನ್ ಮೇಲೆ ರಾಯಚೂರಿನ ಹುಡುಗ, ಮುಂದಿನ ಶಿಫ್ಟ್‌ಗೆ ಒಡಿಶಾದವನು. ನಡುವೆ ಹರಕು ಹಿಂದಿ. ಇಬ್ಬರಿಗೂ ಸಮಾನವಾಗಿ ಗೊತ್ತಿರುವುದು ಡ್ರಾಯಿಂಗ್. ಅದರಲ್ಲಿ ಪ್ರತಿ ಅಳತೆಗೂ ವೃತ್ತದೊಳಗೆ ನಂಬರ್ ಹಾಕಿಸಿ, ಫಾರ್ಮ್‌ನಲ್ಲಿ "ನಂ. 4, 24.992" ಎಂದು ಬರೆಸಿ. ಬೆರಳಿಟ್ಟು ತೋರಿಸಿದರೆ ಸಾಕು. "ಗೊತ್ತಾಯ್ತಾ?" ಎಂದು ಮಾತ್ರ ಕೇಳಬೇಡಿ. ಇನ್‌ಚಾರ್ಜ್ ಕೇಳಿದರೆ ಗೊತ್ತಾಗದವನೂ "ಹ್ಞೂಂ ಸಾರ್" ಎನ್ನುತ್ತಾನೆ, ಅದು ಮರ್ಯಾದೆಯ ಉತ್ತರ. "ಈಗ ನೀನು ಮೊದಲು ಯಾವ ಪೀಸ್ ಅಳೀತೀಯ? ಎಷ್ಟು ಬಂದ್ರೆ ಮಷಿನ್ ನಿಲ್ಲಿಸ್ತೀಯ?" ಎಂದು ಕೇಳಿ. ಉತ್ತರ ಬರುವ ರೀತಿಯಲ್ಲೇ ದಾಟಿದೆಯೋ ಇಲ್ಲವೋ ತಿಳಿಯುತ್ತದೆ. ಹಿರಿಯ ಸೆಟ್ಟರ್ (ಮಷಿನ್ ಸೆಟ್ ಮಾಡಿಕೊಡುವವನು) ಎದುರು ಕಿರಿಯರು ಬಾಯಿ ಬಿಡದಿದ್ದರೆ ಮೊದಲು ಹೆಲ್ಪರ್‌ನನ್ನು ಕೇಳಿ, ಆಮೇಲೆ ಆಪರೇಟರ್, ಕಡೆಗೆ ಸೆಟ್ಟರ್. ಇನ್‌ಚಾರ್ಜ್ ತನ್ನ ಅಭಿಪ್ರಾಯವನ್ನು ಎಲ್ಲರೂ ಹೇಳಿದ ಮೇಲೆ ಹೇಳಬೇಕು. ಮೊದಲೇ ಹೇಳಿಬಿಟ್ಟರೆ ಮಿಕ್ಕವರೆಲ್ಲ ಅದನ್ನೇ ಹೇಳುತ್ತಾರೆ.

ಮೇಂಟೆನೆನ್ಸ್‌ಗೆ ಫೋನ್ ಮಾಡುವಾಗ ನಾಲ್ಕು ವಾಕ್ಯ. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ ಆಸ್ಪತ್ರೆಗಳಿಗೆ ಬಂದ ಎಸ್‌ಬಿಎಆರ್ ಎಂಬ ಕ್ರಮ ಇದು: ಈಗ ಏನಾಗಿದೆ, ಹಿಂದೆ ಏನಾಗಿತ್ತು, ನನಗೇನನ್ನಿಸುತ್ತದೆ, ನಿಮ್ಮಿಂದ ಏನು ಬೇಕು. "ಅಣ್ಣ, ಮೂರನೇ ಲೇತ್‌ನ ಟರೆಟ್ ಅರ್ಧಕ್ಕೆ ನಿಲ್ತಿದೆ. ನಿನ್ನೆ ರಾತ್ರಿನೂ ಒಂದ್ಸಲ ಆಗಿತ್ತು, ರೀಸೆಟ್ ಮಾಡಿದ್ಮೇಲೆ ಓಡ್ತು. ಕ್ಲ್ಯಾಂಪ್ ಸೆನ್ಸರ್ ಹತ್ರ ಚಿಪ್ ಕೂತಿರಬೇಕು ಅನ್ಸುತ್ತೆ. ನಾಳೆ 8ಕ್ಕೆ ಡಿಸ್ಪ್ಯಾಚ್, ಈಗಲೇ ಬಂದು ಕವರ್ ತೆಗೆದು ನೋಡ್ಬೇಕು." "ಮಷಿನ್ ನಿಂತಿದೆ ಬನ್ನಿ" ಎಂದಷ್ಟೇ ಹೇಳಿದರೆ ಅವರು ಬಂದು ನೋಡಿ, ಟೂಲ್‌ಬಾಕ್ಸ್ ತರಲು ಮತ್ತೆ ವಾಪಸ್ ಹೋಗುತ್ತಾರೆ. ಹತ್ತು ನಿಮಿಷದಲ್ಲಿ ಯಾರೂ ಬಾರದಿದ್ದರೆ ಮುಂದೆ ಯಾರಿಗೆ ಫೋನ್ ಎಂಬುದು ಮಷಿನ್ ಮೇಲೆಯೇ ಬರೆದಿರಲಿ.

ವಾಟ್ಸಾಪ್ ಗ್ರೂಪ್ ಫೋಟೋ ಮತ್ತು ದಾಖಲೆಗೆ ಒಳ್ಳೆಯದು. ಆರ್ಡರ್ ಕೊಡಲು ಬೇಡ. ರಾತ್ರಿ ಪಾಳಿ ಮುಗಿಸಿದವನು ಮಲಗಿರುತ್ತಾನೆ, ಶಾಪ್‌ನಲ್ಲಿರುವವನಿಗೆ ಸದ್ದಿನಲ್ಲಿ ವಾಯ್ಸ್ ಮೆಸೇಜ್ ಕೇಳುವುದಿಲ್ಲ, ನೀಲಿ ಗುರುತು ಬಂದರೆ ಓದಿದ್ದಾನೆ ಎಂದಷ್ಟೇ ಅರ್ಥ. ಡ್ರಾಯಿಂಗ್‌ನ ರಿವಿಷನ್ ಬದಲಾಯಿತು, ಈ ಪಾರ್ಟ್ ನಿಲ್ಲಿಸಿ ಎಂಬಂಥದ್ದನ್ನು ಫೋನ್‌ನಲ್ಲಿ ಹೇಳಿ, ಅವರ ಬಾಯಿಂದ ಮರಳಿ ಹೇಳಿಸಿ, ಹಳೆಯ ಡ್ರಾಯಿಂಗನ್ನು ಮಷಿನ್‌ನಿಂದ ಕೈಯಾರೆ ತೆಗೆಸಿ.

ಶುರು ಮಾಡುವಾಗ ಇಡೀ ಶಾಪ್‌ಗೆ ಒಟ್ಟಿಗೆ ಹಚ್ಚಬೇಡಿ. ಸ್ಕ್ರ್ಯಾಪ್ ಹೆಚ್ಚಿರುವ ಒಂದು ಮಷಿನ್ ಆರಿಸಿ, ಅದರ ಮೂರೂ ಶಿಫ್ಟ್‌ನ ಆಪರೇಟರ್‌ಗಳನ್ನು ಕೂರಿಸಿ ಫಾರ್ಮ್‌ನ ಸಾಲುಗಳನ್ನು ಅವರಿಂದಲೇ ಬರೆಸಿ. ಇನ್‌ಚಾರ್ಜ್ ದಿನಕ್ಕೆ ಒಂದು ಹ್ಯಾಂಡೋವರ್‌ಗಾದರೂ ಪಕ್ಕದಲ್ಲಿ ನಿಲ್ಲಬೇಕು. ನಿಲ್ಲುವುದನ್ನು ಬಿಟ್ಟ ವಾರವೇ ಫಾರ್ಮ್‌ಗಳಲ್ಲಿ "ಓಕೆ, ಓಕೆ, ಓಕೆ" ಕಾಣತೊಡಗುತ್ತದೆ.

ಭಾನುವಾರದ ರಜೆಗೆ ಮಾತ್ರ ಬೇರೆ ಏರ್ಪಾಡು ಬೇಕು. ಅಲ್ಲಿ ಹೋಗುವವನು, ಬರುವವನು ಭೇಟಿಯಾಗುವುದೇ ಇಲ್ಲ. ಕೊನೆಯ ಶಿಫ್ಟ್‌ನವನು ಅಳೆದ ಪೀಸನ್ನು ಎಣ್ಣೆ ಹಚ್ಚಿ ನೀಲಿ ಡಬ್ಬಿಯಲ್ಲಿಟ್ಟು, ಆಫ್‌ಸೆಟ್ ಸ್ಕ್ರೀನ್‌ನ ಫೋಟೋವನ್ನು ಗ್ರೂಪ್‌ಗೆ ಹಾಕಿರಬೇಕು. ಸೋಮವಾರ ಬೆಳಿಗ್ಗೆ ಬಂದವನು ಮೊದಲು ಸ್ಪಿಂಡಲ್ ಅನ್ನು ಹದಿನೈದು ಇಪ್ಪತ್ತು ನಿಮಿಷ ಖಾಲಿ ಓಡಿಸಿ ಬಿಸಿ ಮಾಡಬೇಕು, ಫೋಟೋದ ಓದುಗಳನ್ನು ಸ್ಕ್ರೀನ್ ಜತೆ ಹೋಲಿಸಬೇಕು, ಡಬ್ಬಿಯ ಪೀಸ್ ಅಳೆದು ಮೈಕ್ರೋಮೀಟರ್ ನೋಡಿಕೊಳ್ಳಬೇಕು. ಆಮೇಲೆ ಒಂದೇ ಪೀಸ್ ಓಡಿಸಿ ಕ್ವಾಲಿಟಿಗೆ ಕಳಿಸಿ, ಫಸ್ಟ್ ಪೀಸ್ ಅಪ್ರೂವಲ್ ಬರುವವರೆಗೆ ಎರಡನೆಯ ಬ್ಲ್ಯಾಂಕ್ ಚಕ್‌ಗೆ ಹಾಕಬಾರದು.