ರೇಬಿಸ್ ರೋಗಿಗೆ ಮಾಡುವುದು ಬೇಕಾದಷ್ಟಿದೆ

ರೇಬಿಸ್ ಲಕ್ಷಣ ಶುರುವಾದ ಮೇಲೆ ಬದುಕಿ ಉಳಿದವರು ಇಡೀ ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಲಸಿಕೆ, ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಎಲ್ಲ ಕೆಲಸ ಮಾಡುವುದು ಅದಕ್ಕಿಂತ ಮುಂಚೆ. ಇದು ಎಲ್ಲ ವೈದ್ಯರಿಗೂ ಗೊತ್ತು. ಹಾಗಾಗಿಯೇ ಎಷ್ಟೋ ಕಡೆ "ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ" ಅಂತ ಚೀಟಿ ಬರೆದು ಕಳಿಸಿಬಿಡುತ್ತಾರೆ. ಮನೆಯಲ್ಲಿ ಏನಾಗುತ್ತದೆ? ಕೈಕಾಲಿಗೆ ಹಗ್ಗ, ಬಾಗಿಲಿಗೆ ಹೊರಗಿನಿಂದ ಚಿಲಕ. ಒಳಗಿರುವ ಮನುಷ್ಯನಿಗೆ ಪೂರ್ತಿ ಎಚ್ಚರ.

ನಾನು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಫಿಸಿಷಿಯನ್. ಇಂಥವರನ್ನು ವಾಪಸ್ ಕಳಿಸದೆ ಇಟ್ಟುಕೊಳ್ಳುವ ಧೈರ್ಯ ಬಂದದ್ದು ಕೋವಿಡ್ ವಾರ್ಡಿನಿಂದ. 2021ರ ಎರಡನೇ ಅಲೆಯಲ್ಲಿ ವೆಂಟಿಲೇಟರ್ ಹಾಕಿಯೂ ಪ್ರಯೋಜನವಿಲ್ಲದ ವಯಸ್ಸಾದವರು ಉಸಿರಿಗೆ ಒದ್ದಾಡುತ್ತಿದ್ದರು. ಸಣ್ಣ ಡೋಸ್ ಮಾರ್ಫಿನ್‌ನಿಂದ ಆಕ್ಸಿಜನ್ ಮಟ್ಟ ಏರುವುದಿಲ್ಲ. ಆದರೆ ಉಸಿರು ಕಟ್ಟುವ ಆ ಸಂಕಟ ತಗ್ಗುತ್ತದೆ. ಪಿಪಿಇ ಕಿಟ್ ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆದುಕೊಂಡು, ಒಂದು ಕೈಯಲ್ಲಿ ಮೊಬೈಲ್ ಹಿಡಿದು ಮನೆಯವರ ಮುಖ ತೋರಿಸುತ್ತಾ ನಾವೆಲ್ಲ ಅದನ್ನು ಕಲಿತೆವು. ಗುಣವಾಗದ ವೈರಸ್ ಕಾಯಿಲೆಯಲ್ಲೂ ವೈದ್ಯನಿಗೆ ಕೈತುಂಬ ಕೆಲಸವಿದೆ ಅಂತ ಆಗ ಗೊತ್ತಾಯಿತು.

ಒಂದು ಬೇಸಿಗೆಯಲ್ಲಿ ಬಂದ ರೈತರೊಬ್ಬರ ವಿಷಯ ಹೇಳುತ್ತೇನೆ. ನಲವತ್ತರ ಆಸುಪಾಸು. ಬೀದಿಯ ನಾಯಿಮರಿ ಬೆರಳು ಕಚ್ಚಿತ್ತು, ಮರಿ ತಾನೇ ಅಂತ ಅರಿಶಿನ ಹಚ್ಚಿ ಸುಮ್ಮನಾಗಿದ್ದರು. ತಿಂಗಳುಗಳ ಮೇಲೆ ಕಚ್ಚಿದ ಜಾಗ ಜುಮುಗುಟ್ಟತೊಡಗಿತು. ಆಮೇಲೆ ಜ್ವರ, ಆಮೇಲೆ ನೀರು ಇಳಿಯುತ್ತಿಲ್ಲ. ನಮ್ಮಲ್ಲಿಗೆ ಬರುವ ಹೊತ್ತಿಗೆ ಟವೆಲಿನಲ್ಲಿ ಕೈ ಕಟ್ಟಿ ಹಾಕಿದ್ದರು. "ಸಾರ್, ಬಾಯಾರಿಕೆ ತಡೆಯಕ್ಕಾಗ್ತಿಲ್ಲ. ನೀರು ನೋಡಿದ್ರೆ ಕುತ್ತಿಗೆ ಯಾರೋ ಹಿಸುಕಿದಂಗಾಯ್ತದೆ" ಅಂದರು. ಮಾತು ಅಷ್ಟು ಸ್ಪಷ್ಟವಾಗಿತ್ತು.

ನಾನು ಮೊದಲು ಕೊಡುವುದು ಮಿಡಜೊಲಾಮ್, ಗಾಬರಿ ಮತ್ತು ಗಂಟಲಿನ ಸೆಳೆತ ತಗ್ಗಿಸಿ ಮಂಪರು ತರುವ ಔಷಧಿ. ಹೆಸರು ಬರೆಸಿಕೊಳ್ಳುವುದು, ರಕ್ತ ತೆಗೆಯುವುದು, ಸ್ಕ್ಯಾನ್, ಎಲ್ಲ ಆಮೇಲೆ. ಔಷಧಿ ಹಿಡಿದ ಮೇಲೆ ಕಟ್ಟು ಬಿಚ್ಚಬಹುದು. ಭ್ರಮೆ, ಸಿಡಿಮಿಡಿ ಜಾಸ್ತಿ ಇದ್ದರೆ ಜೊತೆಗೆ ಹ್ಯಾಲೊಪೆರಿಡಾಲ್. ನೋವಿಗೆ, ಉಸಿರಿನ ಸಂಕಟಕ್ಕೆ ಮಾರ್ಫಿನ್. ಬಾಯಲ್ಲಿ ನುಂಗಿಸುವ ಮಾತೇ ಇಲ್ಲ. ನರ ಸಿಗದಿದ್ದರೆ ಹೊಟ್ಟೆಯ ಅಥವಾ ತೋಳಿನ ಚರ್ಮದಡಿ ಸಣ್ಣ ಬಟರ್‌ಫ್ಲೈ ಸೂಜಿ ಕೂರಿಸಿ ಅಲ್ಲಿಂದಲೇ ಕೊಡುತ್ತೇವೆ. ಪ್ರತಿ ಸಲ ಚುಚ್ಚಬೇಕಾಗಿಲ್ಲ. ಸೆಳೆತ ಬಂದ ಮೇಲೆ ಕೊಡುವುದಲ್ಲ, ಗಂಟೆ ನೋಡಿ ಕೊಡುವುದು. ನಡುವೆ ಬಂದರೆ ಹೆಚ್ಚುವರಿ ಡೋಸ್ ಸಿರಿಂಜಿನಲ್ಲಿ ತಯಾರಿರಬೇಕು. ನುಂಗಲಾಗದ ಜೊಲ್ಲು ಗಂಟಲಲ್ಲಿ ನಿಂತು ಗೊರಗೊರ ಅನ್ನುತ್ತದಲ್ಲ, ಅದಕ್ಕೆ ಗ್ಲೈಕೊಪೈರೊಲೇಟ್. ಮೂತ್ರ ಕಟ್ಟಿಕೊಳ್ಳುವುದೂ ಉಂಟು. ರೋಗಿ ಒದ್ದಾಡಿದರೆ ಹೊಟ್ಟೆಯ ಕೆಳಭಾಗ ಮುಟ್ಟಿ ನೋಡಿ ಅಂತ ನರ್ಸ್‌ಗಳಿಗೆ ಹೇಳಿಟ್ಟಿರುತ್ತೇನೆ.

ಇನ್ನು ಕೋಣೆ. ರೇಬಿಸ್‌ನಲ್ಲಿ ನೀರಿನಷ್ಟೇ ಗಾಳಿಗೂ ಗಂಟಲು ಹಿಡಿಯುತ್ತದೆ. ಮೂಲೆಯ ಕೋಣೆ, ಮಂದ ಬೆಳಕು, ಬಾಗಿಲು ಧಡಾರಂತ ಹಾಕುವಂತಿಲ್ಲ. ಫ್ಯಾನಿನ ಸ್ವಿಚ್ ಮೇಲೆ ಪ್ಲಾಸ್ಟರ್ ಅಂಟಿಸುತ್ತೇವೆ. ಇಲ್ಲದಿದ್ದರೆ ಯಾರಾದರೂ ಒಳಗೆ ಬಂದವರೇ "ಏನ್ ಸೆಕೆ" ಅಂತ ಅದನ್ನು ಒತ್ತಿಯೇ ಒತ್ತುತ್ತಾರೆ. ಔಷಧಿ ಚೆನ್ನಾಗಿ ಹಿಡಿದ ಮೇಲೆ ಒದ್ದೆ ಹತ್ತಿಬಟ್ಟೆಯಿಂದ ತುಟಿ ಒರೆಸಿದರೆ ಎಷ್ಟೋ ಜನ ತಡೆದುಕೊಳ್ಳುತ್ತಾರೆ. ಅವಸರ ಮಾಡಬಾರದು. ಬಾಯಾರಿಕೆಗೆ ಡ್ರಿಪ್ ಇದೆ. ಬಾಟಲಿ ಕಂಡು ಗಾಬರಿಯಾಗದಂತೆ ಅದನ್ನು ತಲೆಯ ಹಿಂದೆ ನೇತುಹಾಕುತ್ತೇವೆ.

ಒಂದು ವಿಷಯಕ್ಕೆ ನನಗೆ ಸಿಟ್ಟು ಬರುತ್ತದೆ. ಲೋಟದ ನೀರು ತೋರಿಸಿ, ಮುಖಕ್ಕೆ ಗಾಳಿ ಬೀಸಿ, ಗಂಟಲು ಹಿಡಿಯುವುದನ್ನು ಬಂದವರಿಗೆಲ್ಲ ಮತ್ತೆ ಮತ್ತೆ ತೋರಿಸುವುದು. ಕಲಿಯುವವರಿಗೆ ಅಪರೂಪದ ಕೇಸ್, ನಿಜ. ಆ ಮನುಷ್ಯನಿಗೆ ಅದು ಪ್ರತಿ ಸಲವೂ ಸಾವಿನ ಹತ್ತಿರ ಹೋಗಿ ಬಂದಂತೆ. ನನ್ನ ವಾರ್ಡಿನಲ್ಲಿ ಅದಕ್ಕೆ ಅವಕಾಶವಿಲ್ಲ.

ಮನೆಯವರು ಮೊಬೈಲಿನಲ್ಲಿ ಓದಿಕೊಂಡು ಬರುತ್ತಾರೆ. 2004ರಲ್ಲಿ ಅಮೆರಿಕದಲ್ಲಿ ಒಬ್ಬ ಹುಡುಗಿಯನ್ನು ಕೋಮಾದಲ್ಲಿಟ್ಟು ಬದುಕಿಸಿದರಂತಲ್ಲ, ನಮ್ಮವರಿಗೂ ಮಾಡಿ ಅಂತಾರೆ. ಅದು ನಡೆದದ್ದು ಹೌದು. ಆಮೇಲೆ ಅದೇ ವಿಧಾನವನ್ನು ಬೇರೆ ಬೇರೆ ಕಡೆ ಪ್ರಯತ್ನಿಸಿದರೂ ಹೆಚ್ಚುಕಡಿಮೆ ಎಲ್ಲವೂ ವಿಫಲವಾದವು. ಇದನ್ನು ಕೂರಿಸಿಕೊಂಡು ಹೇಳುತ್ತೇನೆ, ಬಾಗಿಲಲ್ಲಿ ನಿಂತು ಅಲ್ಲ. ಸಾಮಾನ್ಯವಾಗಿ ಕೆಲವೇ ದಿನ ಉಳಿದಿರುತ್ತದೆ ಅನ್ನುವುದನ್ನೂ ಮುಚ್ಚಿಡುವುದಿಲ್ಲ.

ಆ ರೈತರ ಹೆಂಡತಿ ಕೇಳಿದ್ದು ಬೇರೆಯೇ. "ನಾನು ಮುಟ್ಟಬೌದಾ ಸಾರ್?" ಅಂತ. ದಾರಿಯುದ್ದಕ್ಕೂ ಯಾರೋ ಅವರನ್ನು ದೂರ ಇರಿಸಿದ್ದರು. ಚರ್ಮ ಮುಟ್ಟಿದರೆ ಬರುವ ಕಾಯಿಲೆಯಲ್ಲ ತಾಯಿ, ಜೊಲ್ಲು ಕಣ್ಣಿಗೆ, ಬಾಯಿಗೆ, ಗಾಯಕ್ಕೆ ತಾಗಬಾರದು ಅಷ್ಟೇ ಅಂದೆ. ಗ್ಲೌಸ್, ಮಾಸ್ಕ್, ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತರು. ಜೊಲ್ಲು ತಾಗಿರಬಹುದು ಅಂತ ಅನುಮಾನ ಇದ್ದವರಿಗೆಲ್ಲ ಅವತ್ತೇ ಲಸಿಕೆ ಶುರುಮಾಡಿದೆವು. ಆ ಸೂಜಿ ಬಿದ್ದ ಮೇಲೆ ಮನೆಯವರ ಅರ್ಧ ಹೆದರಿಕೆ ಹೋಯಿತು.

ಔಷಧಿ ಎಷ್ಟು ಕೊಡಬೇಕು ಅನ್ನುವುದರಲ್ಲಿ ಒಂದು ಹದವಿದೆ. ಮೊದಲೇ ಪೂರ್ತಿ ನಿದ್ದೆಗೆ ತಳ್ಳಿಬಿಡಬಹುದು, ಸುಲಭ. ಆದರೆ ಸೆಳೆತಗಳ ನಡುವೆ ರೋಗಿಗೆ ಬುದ್ಧಿ ತಿಳಿಯಾಗಿರುತ್ತದೆ. ಸಂಕಟ ತಗ್ಗಬೇಕು, ಮಾತು ಉಳಿಯಬೇಕು, ಅಲ್ವಾ? ಕೊನೆಗೆ ಪ್ರಜ್ಞೆ ಹೋಗುವ ತನಕ ಅಷ್ಟೇ ಆ ಅವಕಾಶ. ಸಂಕಟ ಜಾಸ್ತಿಯಾದರೆ ಮಾತ್ರ ಹಿಂದೆಮುಂದೆ ನೋಡದೆ ಡೋಸ್ ಏರಿಸುತ್ತೇನೆ.

ಆ ರೈತರು ಅವತ್ತು ರಾತ್ರಿ ಹೆಂಡತಿಯ ಹತ್ತಿರ ಸೊಸೈಟಿ ಸಾಲದ ಲೆಕ್ಕ ಹೇಳಿದರು. ಪಹಣಿ ಎಲ್ಲಿದೆ ಅಂತ ಹೇಳಿದರು. ಆಮೇಲೆ ನಾನು ಕೇಳಿದೆ, ಆ ಮರಿ ಇನ್ಯಾರಿಗಾದರೂ ಕಚ್ಚಿತ್ತಾ ಅಂತ. ಸ್ವಲ್ಪ ಹೊತ್ತು ಯೋಚಿಸಿ ಪಕ್ಕದ ಬೀದಿಯ ಇಬ್ಬರು ಮಕ್ಕಳ ಹೆಸರು ಹೇಳಿದರು. ಒಬ್ಬನಿಗೆ ಪರಚಿತ್ತು, ಅಷ್ಟೇ ಅಂದರು. ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆವು. ಬೆಳಗ್ಗೆ ಓಪಿಡಿ ತೆರೆಯುವ ಮುಂಚೆಯೇ ಎರಡೂ ಮಕ್ಕಳು ಲಸಿಕೆಯ ಸಾಲಿನಲ್ಲಿದ್ದರು.