ಸುವಾರ್ತೆಗಳ (ಬೈಬಲ್‌ನಲ್ಲಿ ಯೇಸುವಿನ ಜೀವನ ಹೇಳುವ ಪುಸ್ತಕಗಳ) ಇತಿಹಾಸದ ಬಗ್ಗೆ ವಾದ ಮಾಡೋದು ಹೇಗೆ?

"ಬೈಬಲ್ ಪೂರ್ತಿ ನಿಜ", "ಪೂರ್ತಿ ಕಟ್ಟುಕಥೆ" ಅಂತ ಶುರು ಮಾಡಬೇಡಿ, ಅದು ಸುಮ್ನೆ ಜಗಳ. ಒಂದೇ ಘಟನೆ ಹಿಡಿಯಿರಿ. ಸುವಾರ್ತೆ ಬರೆದ ಲೂಕ ಹೇಳುವ ಜನಗಣತಿಯನ್ನೇ ನೋಡಿ. ಯೇಸು ಹುಟ್ಟಿದಾಗ ಗಣತಿ ನಡೆಯಿತು, ಆಗ ಸಿರಿಯಾದಲ್ಲಿ ಕುರೇನ್ಯ ಅನ್ನೋನು ರೋಮನ್ ಅಧಿಪತಿಯಾಗಿದ್ದ ಅಂತ ಲೂಕ ಬರೆಯುತ್ತಾನೆ. ಯೆಹೂದಿ ಇತಿಹಾಸಕಾರ ಜೋಸೆಫಸ್ ಪ್ರಕಾರ ಕುರೇನ್ಯನ ಗಣತಿ ನಡೆದದ್ದು ಕ್ರಿ.ಶ. 6ರ ಸುಮಾರಿಗೆ, ಆದರೆ ಯೇಸು ಹುಟ್ಟಿದಾಗ ಆಳುತ್ತಿದ್ದ ಅಂತ ಇನ್ನೊಂದು ಸುವಾರ್ತೆಯಲ್ಲಿ ಮತ್ತಾಯ ಹೇಳುವ ಯೆಹೂದದ ರಾಜ ಹೆರೋದ, ಹೆಚ್ಚಿನ ವಿದ್ವಾಂಸರ ಲೆಕ್ಕದಲ್ಲಿ, ಕ್ರಿ.ಪೂ. 4ರಲ್ಲೇ ಸತ್ತಿದ್ದ. ಎರಡೂ ಹೊಂದಲ್ಲ, ಅಲ್ವಾ? ಎದುರಿನವರು "ಇದಕ್ಕೂ ಮೊದಲು ಇನ್ನೊಂದು ಗಣತಿ ಆಗಿತ್ತು" ಅಂದರೆ ಪೂರ್ತಿ ಕೇಳಿಸಿಕೊಳ್ಳಿ, ಆಮೇಲೆ ಆಧಾರ ಕೇಳಿ. ನನಗಂತೂ ಆ ಉತ್ತರ ಗಟ್ಟಿ ಅನಿಸಿಲ್ಲ.

ಹಾಗಂತ ಎಲ್ಲವನ್ನೂ ತಳ್ಳಿಹಾಕಬೇಡಿ. 1961ರಲ್ಲಿ ಇಸ್ರೇಲಿನ ಕೈಸರೈಯದಲ್ಲಿ, ಯೇಸುವಿಗೆ ಶಿಲುಬೆ ಶಿಕ್ಷೆ ಕೊಟ್ಟ ರೋಮನ್ ಅಧಿಪತಿ ಪಿಲಾತನ ಹೆಸರಿರುವ ಕಲ್ಲು ಸಿಕ್ಕಿದೆ. ಅದು ಪಿಲಾತ ಇದ್ದ ಅನ್ನೋದಕ್ಕೆ ಸಾಕ್ಷಿ. ಯೇಸು ಸತ್ತು ಮತ್ತೆ ಎದ್ದ ಅನ್ನೋ ಪುನರುತ್ಥಾನಕ್ಕೆ ಬೇರೆ ಸಾಕ್ಷಿ ಬೇಕು.