ದಾಳಿಂಬೆ ಅಂಗಮಾರಿ: ಕತ್ತರಿ, ಬೋರ್ಡೋ, ಹಸ್ತ ಬಹಾರ್

ನಮ್ಮದು ಬಾಗಲಕೋಟೆ ಕಡೆ ದಾಳಿಂಬೆ ತೋಟ. ಮಳೆಗಾಲ ಬಂತೆಂದರೆ ಕಾಯಿ ಮೇಲೆ ಎಣ್ಣೆ ಸವರಿದಂಥ ಕಪ್ಪು ಚುಕ್ಕೆ, ಆಮೇಲೆ ಬಿರುಕು. ಅದೇ ದುಂಡಾಣು ಅಂಗಮಾರಿ. ಲೀಟರ್ ನೀರಿಗೆ ಅರ್ಧ ಗ್ರಾಂ ಸ್ಟ್ರೆಪ್ಟೋಸೈಕ್ಲಿನ್ (ದುಂಡಾಣು ಕೊಲ್ಲುವ ಆ್ಯಂಟಿಬಯೋಟಿಕ್), ಜೊತೆಗೆ ತಾಮ್ರದ ಔಷಧಿ ಕಾಪರ್ ಆಕ್ಸಿಕ್ಲೋರೈಡ್ ಹೊಡೆದರೆ ಸ್ವಲ್ಪ ದಿನ ತಣ್ಣಗಿರುತ್ತಿತ್ತು. ಮಳೆ ಬಿದ್ದರೆ ಮತ್ತೆ ಶುರು. ರೋಗಾಣು ಕೂತಿರೋದು ಕಾಂಡದ ಗಾಯದೊಳಗೆ, ಸ್ಪ್ರೇ ಅಲ್ಲಿಗೆ ಸರಿಯಾಗಿ ಮುಟ್ಟೋದೇ ಇಲ್ಲ ಅಲ್ವಾ? ಅದೂ ಅಲ್ಲದೆ ಸ್ಟ್ರೆಪ್ಟೋಸೈಕ್ಲಿನ್‌ನಲ್ಲಿರುವ ಸ್ಟ್ರೆಪ್ಟೋಮೈಸಿನ್ ಮನುಷ್ಯರ ಕ್ಷಯಕ್ಕೆ ಕೊಡುವ ಔಷಧಿ. ಬೆಳೆಗೆ ಇದನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲೇ ಕರಡು ಆದೇಶ ತಂದಿತ್ತು.

ಹಾಗಾಗಿ ಚಾಟಣಿಗೆ, ಅಂದರೆ ರೋಗದ ಕೊಂಬೆ ಕತ್ತರಿಸೋದಕ್ಕೆ, ಗಮನ ಕೊಟ್ಟೆ. ಗಾಯದಿಂದ ಎರಡು ಇಂಚು ಕೆಳಗೆ ಕತ್ತರಿಸಿದೆ. ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್ (ರೋಗಾಣು ಕೊಲ್ಲುವ ಬ್ಲೀಚ್) ನೀರಲ್ಲಿ ಅದ್ದಿದೆ. ಬೇಜಾರಿನ ಕೆಲಸ, ಆದರೆ ಬಿಡುವಂತಿಲ್ಲ. ಉದುರಿದ ಎಲೆ, ಕಾಯಿ ಎಲ್ಲ ಸುಟ್ಟೆ. ಆಮೇಲೆ ಶೇ 1ರ ಬೋರ್ಡೋ ದ್ರಾವಣ ಹೊಡೆದೆ: 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡಿ, ಕೆಂಪಗಾದರೆ ಇನ್ನಷ್ಟು ಸುಣ್ಣ ಹಾಕಿ.

ಬಹಾರ್ ಅಂದರೆ ಗಿಡ ಹೂ ಬಿಡುವ ಹಂಗಾಮು. ಮಳೆಗಾಲದ ಮೃಗ ಬಹಾರ್ ಬಿಟ್ಟು, ಮಳೆ ಕಡಿಮೆಯಾಗುವ ಸೆಪ್ಟೆಂಬರ್-ಅಕ್ಟೋಬರಿನ ಹಸ್ತ ಬಹಾರ್ ಹಿಡಿದೆ. ನನ್ನ ಪ್ರಕಾರ ಜಾಸ್ತಿ ಫಲ ಕೊಟ್ಟಿದ್ದು ಇದೇ. ಈಗ ಚುಕ್ಕೆ ಅಲ್ಲೊಂದು ಇಲ್ಲೊಂದು. ಕಂಡ ಕಾಯಿ ಕಿತ್ತು ಸುಡುತ್ತೇನೆ.